ನೆರಳಿಗೊಂದು ಬೆಳ್ಳಿ ಹೊದಿಕೆ

ಈ ಸಲದ ಮಾತಿಗೆ ಕಾರಣ ಶಿರೂರಿನಿಂದ ಬಂದ ಒಂದು ಪತ್ರ. ಶಿರೂರು ಎಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಬೈಂದೂರಿನ ಬಳಿಯ ಶಿರೂರು, ಇನ್ನು ಕೆಲವರಿಗೆ ಬಾಗಲಕೋಟೆಯ ಶಿರೂರು ನೆನಪಾಗಬಹುದು. ಇದು ಅವೆರಡೂ ಅಲ್ಲ. ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ 2024ರವರೆಗೆ ಅಹಮದ್‌ನಗರ ಎನಿಸಿಕೊಂಡಿದ್ದ ಊರಿಗೆ, ಹೋಗುವ ಹೆದ್ದಾರಿಯಲ್ಲಿ ರಾಂಜಣಗಾವಿನ ಮಹಾಗಣಪತಿಯನ್ನು ದಾಟಿದ ಮೇಲೆ ಘೋಡ್ ನದಿಯ ದಂಡೆಯಲ್ಲಿ ಸಿಗುವ ಶಿರೂರು. ಘೋಡನದಿ ಎಂಬ ಹಳೆಯ ಹೆಸರೂ ಅದಕ್ಕಿದೆ.

ಪತ್ರ ಬರೆದ ತಾಯಿ ಧಾರವಾಡದ ಕಡೆಯವರು. ಮನೆಯ ಹಿತ್ತಲಲ್ಲಿ ಒಂದು ಮಾವಿನ ಮರ ಇದೆಯಂತೆ, ಅವರ ಯಜಮಾನರು ನೆಟ್ಟದ್ದು. ಯಜಮಾನರು ಈಗಿಲ್ಲ. ಮರ ಚೆನ್ನಾಗಿದೆ, ವರ್ಷ ಬಿಟ್ಟು ವರ್ಷ ಕಾಯಿ ಬಿಡುತ್ತದೆ, ಆದರೆ ಅದರ ಕೆಳಗೆ ಬರೀ ಮಣ್ಣು. ಹುಲ್ಲು ಹಾಸಿದರು, ಹಳದಿಯಾಗಿ ಹೋಯಿತು. ಗುಲಾಬಿ ನೆಟ್ಟರು, ಕಡ್ಡಿಯಾಯಿತು. ‘ಮಾವಿನ ಗಿಡದ ಕೆಳಗ ಏನ್ ಹಚ್ಚಿದ್ರೂ ಹತ್ತವಲ್ದು’ ಎಂದು ಬರೆದಿದ್ದಾರೆ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಬೇಸತ್ತ ಮಗ ಈ ಮಳೆ ಮುಗಿದೊಡನೆ ಮರದ ಬುಡದವರೆಗೂ ಶಹಾಬಾದಿ ಫರಶಿ ಹಾಕಿಸಿ ಸಿಮೆಂಟು ತುಂಬಿಸಿಬಿಡೋಣ ಎನ್ನುತ್ತಿದ್ದಾನೆ. ತಾಯಿಗೆ ಮನಸ್ಸಿಲ್ಲ. ಟಿವಿಯಲ್ಲಿ ಎಲ್ಲೋ ಹೊರದೇಶದ ತೋಟವೊಂದರ ನೆರಳಿನಲ್ಲಿ ಬೆಳ್ಳಿ ಬಳಿದಂಥ ಎಲೆಯ ಗಿಡ ನೆಲದ ತುಂಬ ಹಬ್ಬಿದ್ದನ್ನು ನೋಡಿದ್ದಾರೆ. ಅದು ಶಿರೂರಿನಲ್ಲಿ ಬರುತ್ತದೆಯೇ ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಟಿವಿಯ ಗಿಡ ಬರುವುದಿಲ್ಲ. ಅವರ ವರ್ಣನೆ ನೋಡಿದರೆ ಅದು ಲೇಮಿಯಂ ಇರಬೇಕು, ಇಲ್ಲವೇ ಬ್ರೂನೆರಾ. ಎರಡೂ ತಂಪು ದೇಶದ ಗಿಡಗಳು. ಅಮೆರಿಕದಲ್ಲಿರುವ ನಮ್ಮವರ ಹಿತ್ತಲಲ್ಲಿ ಅವು ಚಳಿಗೆ ನೆಲಕ್ಕೆ ಒರಗಿ, ವಸಂತದಲ್ಲಿ ಮತ್ತೆ ಎದ್ದು ಬರುತ್ತವೆ. ಬ್ರೂನೆರಾದ ‘ಜ್ಯಾಕ್ ಫ್ರಾಸ್ಟ್’ ಎಂಬ ತಳಿಗೆ ಅಲ್ಲಿ 2012ರಲ್ಲಿ ವರ್ಷದ ಬಹುವಾರ್ಷಿಕ ಸಸ್ಯವೆಂಬ ಮನ್ನಣೆಯೂ ಸಿಕ್ಕಿತ್ತು. ಆದರೆ ಶಿರೂರಿನ ಮೇ ತಿಂಗಳ ಬಿಸಿಗಾಳಿಗೆ ಅವು ನಿಲ್ಲುವ ಮಾತೇ ಇಲ್ಲ. ಬೀಜ ತರಿಸಿ ದುಡ್ಡು ಕಳೆಯಬೇಡಿ. ಬೆಳ್ಳಿ ಎಲೆಯ ನೆಲಹೊದಿಕೆ ಮಾತ್ರ ಖಂಡಿತ ಬರುತ್ತದೆ, ಬೇರೆ ಗಿಡಗಳಿಂದ. ಅವುಗಳಲ್ಲಿ ಒಂದು ನಮ್ಮ ದೇಶದ್ದೇ.

ಗಿಡಗಳ ಹೆಸರು ಹೇಳುವ ಮೊದಲು ಬೆಳ್ಳಿಯ ಬಣ್ಣದ ಬಗ್ಗೆ ಎರಡು ಮಾತು ಆಡಬೇಕು. ಇದು ಗೊತ್ತಿಲ್ಲದೆ ನರ್ಸರಿಗೆ ಹೋದರೆ ತಪ್ಪು ಗಿಡ ಮನೆಗೆ ಬರುತ್ತದೆ.

ಎಲೆಗೆ ಬೆಳ್ಳಿಯ ಬಣ್ಣ ಎರಡು ಬಗೆಯಲ್ಲಿ ಬರುತ್ತದೆ. ಹೆದ್ದಾರಿಯ ಅಂಚಿನಲ್ಲಿ ಬೆಳೆಯುವ ಎಕ್ಕದ ಗಿಡ ನೋಡಿ. ಎಳೆ ಎಲೆಯ ಮೇಲೆ ಬೆರಳಾಡಿಸಿದರೆ ಹಿಟ್ಟು ಸವರಿದಂತೆ ನಯವಾದ ಬಿಳಿ ರೋಮ ಕೈಗೆ ಹತ್ತುತ್ತದೆ. ಪೂಜೆಗೆ ತರುವ ದವನದ ಬೂದು ಬಣ್ಣ, ಚಳಿಗಾಲದಲ್ಲಿ ಪುಣೆಯ ನರ್ಸರಿಗಳಲ್ಲಿ ಮಾರುವ ಡಸ್ಟಿ ಮಿಲ್ಲರ್‌ನ ಬಿಳುಪು, ಇವೂ ರೋಮದಿಂದಲೇ ಬಂದದ್ದು. ಅದು ಬಿಸಿಲಿಗೆ ಹಿಡಿದ ಕೊಡೆ. ಬಿಸಿಲನ್ನು ಹಿಂದಕ್ಕೆ ಅಟ್ಟಿ ಎಲೆಯ ನೀರನ್ನು ಉಳಿಸುವುದು ಅದರ ಕೆಲಸ. ಅಂಥ ಗಿಡವನ್ನು ಮಾವಿನ ನೆರಳಿನಲ್ಲಿಟ್ಟರೆ ಮೊದಲ ಮಳೆಗೇ ಕೊಳೆಯುತ್ತದೆ.

ಇನ್ನೊಂದು ಬಗೆಯ ಬೆಳ್ಳಿಗೆ ರೋಮವಿಲ್ಲ. ಪತ್ರೊಡೆಗೆ ಕೆಸುವಿನ ಎಲೆ ತೊಳೆಯುವವರು ಗಮನಿಸಿರಬಹುದು, ಎಲೆಯನ್ನು ನೀರಿನೊಳಗೆ ಅದ್ದಿದಾಗ ಅದು ಬೆಳ್ಳಿಯ ತಗಡಿನ ಹಾಗೆ ಹೊಳೆಯುತ್ತದೆ. ಎಲೆಗೂ ನೀರಿಗೂ ನಡುವೆ ಸಿಕ್ಕಿಕೊಂಡ ತೆಳು ಗಾಳಿಯ ಪದರದ ಆಟ ಅದು. ಕೆಲವು ಕಾಡು ಗಿಡಗಳಲ್ಲಿ ಇಂಥ ಗಾಳಿಯ ಪದರ ಎಲೆಯ ಹೊರಚರ್ಮದ ಕೆಳಗೆ, ಎಲೆಯೊಳಗೇ ಇರುತ್ತದೆ. ಬೆಳಕು ಅಲ್ಲಿಗೆ ತಾಗಿ ಮರಳುವುದರಿಂದ ನಮ್ಮ ಕಣ್ಣಿಗೆ ಬೆಳ್ಳಿ ಕಾಣುತ್ತದೆ. ಮುಟ್ಟಿದರೆ ಎಲೆ ನುಣುಪು. ಇವು ದೊಡ್ಡ ಮರಗಳ ಬುಡದಲ್ಲೇ ಹುಟ್ಟಿ ಬೆಳೆದ ಜಾತಿಗಳು. ಆದ್ದರಿಂದ ನರ್ಸರಿಯಲ್ಲಿ ಬೆಳ್ಳಿ ಎಲೆ ಕಂಡರೆ ಮೊದಲು ಬೆರಳಾಡಿಸಿ. ರೋಮವಿದ್ದರೆ ಬಿಸಿಲಿಗೆ, ನುಣುಪಾಗಿದ್ದರೆ ನೆರಳಿಗೆ. ನೂರಕ್ಕೆ ನೂರು ಸೂತ್ರವಲ್ಲ, ಆದರೂ ಮಾರುವವರ ಮಾತಿಗಿಂತ ನಂಬಿಕಸ್ಥ.

ಈಗ ಗಿಡಗಳು. ನನ್ನ ಮೆಚ್ಚಿನದನ್ನೇ ಮೊದಲು ಹೇಳುತ್ತೇನೆ: ನೆಲಸಂಪಿಗೆ. ಶುಂಠಿ, ಅರಿಶಿನದ ಮನೆತನಕ್ಕೆ ಸೇರಿದ ಗೆಡ್ಡೆಯ ಗಿಡ. ಸಸ್ಯಶಾಸ್ತ್ರದಲ್ಲಿ ಕೆಂಫೇರಿಯಾ ರೊಟಂಡಾ. ಎಲೆ ಅಂಗೈಗಿಂತ ಉದ್ದ, ಮೇಲ್ಗಡೆ ಹಸಿರಿನಲ್ಲಿ ಬೆಳ್ಳಿಯ ಚಿತ್ತಾರ, ಕೆಳಗಡೆ ನೇರಳೆ. ಬೇಸಿಗೆಯಲ್ಲಿ, ಎಲೆಯ ಸುಳಿವೇ ಇಲ್ಲದಾಗ, ಬರೀ ನೆಲದಿಂದ ಬಿಳಿ-ನೇರಳೆ ಹೂ ಅರಳುತ್ತದೆ. ಬಲು ಸುವಾಸನೆ. ಒಂದೊಂದು ಹೂವಿಗೆ ಒಂದು ದಿನದ ಆಯುಸ್ಸು, ಮರುದಿನ ಪಕ್ಕದಲ್ಲಿ ಮತ್ತೊಂದು. ಹೂವಿನ ಸಂಭ್ರಮ ಮುಗಿಯುತ್ತ ಬಂದಂತೆ ಸುರುಳಿ ಸುತ್ತಿದ ಎಲೆಗಳು ಮೇಲೇಳುತ್ತವೆ.

ಪುಣೆಯ ಕಡೆ ನರ್ಸರಿಗೆ ಹೋಗಿ ನೆಲಸಂಪಿಗೆ ಕೊಡಿ ಎಂದರೆ ಯಾರಿಗೂ ತಿಳಿಯದು. ‘ಭುಯಿಚಾಫಾ’ ಎನ್ನಿ, ಕೂಡಲೇ ಗೊತ್ತಾಗುತ್ತದೆ. ಭುಯಿ ಎಂದರೆ ನೆಲ, ಚಾಫಾ ಎಂದರೆ ಸಂಪಿಗೆ. ಎರಡು ಭಾಷೆಯವರೂ ಆ ಹೂವನ್ನು ಕಂಡು ಒಂದೇ ಬಗೆಯಲ್ಲಿ ಬೆರಗಾಗಿದ್ದಾರೆ ನೋಡಿ.

ಮಾವಿನ ಕೆಳಗೆ ನೆಲಸಂಪಿಗೆಯೇ ಏಕೆಂದರೆ ಅದಕ್ಕೊಂದು ಗಟ್ಟಿ ಕಾರಣವಿದೆ. ಮಾವಿಗೆ ಹೂ ಕಟ್ಟುವ ಮುನ್ನ, ಮಳೆ ನಿಂತ ಮೇಲಿನ ಎರಡು ಮೂರು ತಿಂಗಳು, ನೀರಿನಿಂದ ಬಿಡುವು ಬೇಕು. ಆಗ ಬುಡಕ್ಕೆ ನೀರು ಸುರಿಯುತ್ತ ಹೋದರೆ ಮರ ಹೂವಿನ ಬದಲು ಚಿಗುರು ಬಿಡುವ ಕಡೆಗೆ ವಾಲುತ್ತದೆ. ತೋಟದವರು ಆ ಹೊತ್ತಿನಲ್ಲಿ ನೀರು ನಿಲ್ಲಿಸುವುದು ಇದಕ್ಕಾಗಿಯೇ. ವರ್ಷಪೂರ್ತಿ ನೀರು ಬೇಡುವ ಹೊದಿಕೆಯನ್ನು ಮಾವಿನ ಬುಡಕ್ಕೆ ಹಾಕಿದರೆ ನೆಲ ಚೆಂದವಾಗಿ ಕಾಯಿ ಕಡಿಮೆಯಾದೀತು. ನೆಲಸಂಪಿಗೆಯಾದರೋ ಮಳೆ ಹೋದ ಮೇಲೆ ತಾನಾಗಿ ಹಳದಿಯಾಗಿ, ಎಲೆ ಕಳಚಿ, ಗೆಡ್ಡೆಯಾಗಿ ನಿದ್ದೆಹೋಗುತ್ತದೆ. ನೀರು ಕೊಡಲೇಬಾರದು, ಕೊಟ್ಟರೆ ಗೆಡ್ಡೆ ಕೊಳೆಯುತ್ತದೆ. ಮರಕ್ಕೆ ಒಣಗಲು ಬೇಕಾದ ಹೊತ್ತಿನಲ್ಲೇ ಇದಕ್ಕೂ ಒಣಗಲು ಬೇಕು. ಇಷ್ಟು ಹೊಂದಿಕೆಯ ಜೋಡಿ ಬೇರೆ ಸಿಕ್ಕುವುದು ಕಷ್ಟ.

ಇದರ ಕೊರತೆಯೂ ಅದೇ. ವರ್ಷದಲ್ಲಿ ನಾಲ್ಕೈದು ತಿಂಗಳು ನೆಲದ ಮೇಲೆ ಏನೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ಮಾವಿನ ತರಗೆಲೆಯನ್ನೇ ಹೊದಿಕೆಯಾಗಿ ಬಿಡಬೇಕು. ಗುಡಿಸಿ ಸುಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಎರಡನೆಯದು ಜೀಬ್ರಿನಾ, ಪೂರ್ತಿ ಹೆಸರು ಟ್ರೇಡ್‌ಸ್ಕ್ಯಾಂಶಿಯಾ ಜೀಬ್ರಿನಾ. ಎಲೆಯ ಮೇಲೆ ಎರಡು ಬೆಳ್ಳಿಯ ಪಟ್ಟೆ, ಅಡಿಯಲ್ಲಿ ನೇರಳೆ. ಹೆಸರು ಕೇಳಿ ಹೆದರಬೇಡಿ, ನೀವು ನೋಡಿರುತ್ತೀರಿ. ಅಪಾರ್ಟ್‌ಮೆಂಟುಗಳ ಬಾಲ್ಕನಿಯಿಂದ ಕುಂಡ ತುಂಬಿ ಇಳಿಬಿದ್ದಿರುತ್ತದೆ. ಮೂಲ ಮೆಕ್ಸಿಕೋ ಕಡೆಯದು. ಮೂರು ನಾಲ್ಕು ಗೆಣ್ಣಿರುವ ತುಂಡನ್ನು ಹಸಿ ಮಣ್ಣಿಗೆ ಒತ್ತಿದರೆ ಸಾಕು, ವಾರ ಹತ್ತು ದಿನದಲ್ಲಿ ಬೇರು. ದುಡ್ಡು ಕೊಟ್ಟು ಕೊಳ್ಳುವ ಗಿಡವೇ ಅಲ್ಲ, ನೆರೆಮನೆಯಿಂದ ಒಂದು ಹಿಡಿ ಕೇಳಿ ತನ್ನಿ. ತುಸು ಒಣಗಿದರೂ ತಡೆದುಕೊಳ್ಳುತ್ತದೆ. ಮರದ ಹರವಿನ ಅಂಚಿನಲ್ಲಿ, ಬೆಳಿಗ್ಗೆಯ ಬಿಸಿಲು ಕೊಂಚ ಬೀಳುವಲ್ಲಿ, ಪಟ್ಟೆ ಎದ್ದು ಕಾಣುತ್ತದೆ. ಗವ್ವೆನ್ನುವ ಕತ್ತಲೆಯಲ್ಲಿ ಮಂಕಾಗುತ್ತದೆ.

ಇದರ ಬಗ್ಗೆ ಎರಡು ಎಚ್ಚರಿಕೆ. ಇದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ನಾಯಿ ಅದರ ಮೇಲೆ ಮಲಗಿದರೆ ಹೊಟ್ಟೆ ಕೆರೆದುಕೊಳ್ಳುತ್ತ ಕೂರುತ್ತದೆ. ಎರಡನೆಯದು ಇನ್ನೂ ಮುಖ್ಯ. ಕತ್ತರಿಸಿ ಎಸೆದ ಒಂದು ಗೆಣ್ಣು ಸಾಕು, ಅದು ಬಿದ್ದಲ್ಲೇ ಹಬ್ಬುತ್ತದೆ. ದಕ್ಷಿಣ ಆಫ್ರಿಕಾದಲ್ಲಿ, ಗೆಲಾಪಗಸ್ ದ್ವೀಪಗಳಲ್ಲಿ ಇದು ಕಾಡು ಹೊಕ್ಕು ಕಳೆಯಾಗಿ ತೊಂದರೆ ಕೊಟ್ಟಿದೆ. ಆದ್ದರಿಂದ ಸವರಿದ ತುಂಡುಗಳನ್ನು ಓಣಿಯ ಕಸಕ್ಕೋ ಹಳ್ಳಕ್ಕೋ ಹಾಕಬೇಡಿ, ಘೋಡ್ ನದಿಯ ದಂಡೆಗಂತೂ ಬೇಡವೇ ಬೇಡ. ಬಿಸಿಲಿನ ಕಲ್ಲಿನ ಮೇಲೆ ಹರಡಿ ಗರಿಗರಿಯಾಗಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.

ಮೂರನೆಯದು ಅಲ್ಯುಮಿನಿಯಂ ಗಿಡ, ಅಂದರೆ ಪೈಲಿಯಾ ಕೆಡೀರಿ. ಟಿವಿಯಲ್ಲಿ ಕಂಡ ಗಿಡಕ್ಕೆ ನೋಟದಲ್ಲಿ ತೀರ ಹತ್ತಿರದ್ದು ಇದೇ. ಎಲೆಯ ಮೇಲೆ ಉಬ್ಬು ಉಬ್ಬಾದ ಬೆಳ್ಳಿಯ ಗೆರೆಗಳು, ಆಗ ಹೇಳಿದ ಗಾಳಿಯ ಪದರಕ್ಕೆ ಒಳ್ಳೆಯ ಉದಾಹರಣೆ. ವಿಯೆಟ್ನಾಮಿನ ಗಿಡ, ಅಲ್ಲಿದ್ದ ಕೆದಿಯೇರ್ ಎಂಬ ಫ್ರೆಂಚ್ ಪಾದ್ರಿಯ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ತುರುಚೆ ಗಿಡದ ವಂಶದ್ದೇ ಆದರೂ ಇದು ಚುಚ್ಚುವುದಿಲ್ಲ, ತುರಿಸುವುದಿಲ್ಲ, ನಾಯಿ ಬೆಕ್ಕಿಗೂ ವಿಷವಲ್ಲ. ಒಂದಡಿ ಎತ್ತರಕ್ಕೆ ಪೊದೆಯಾಗುತ್ತದೆ. ಆದರೆ ಇದಕ್ಕೆ ತೇವ ಬೇಕು. ಹಾಗಾಗಿ ಮಾವಿನ ಬುಡಕ್ಕೆ ಬೇಡ. ಮನೆಯ ಉತ್ತರದ ಗೋಡೆಯ ಬದಿಗೆ, ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ, ಸೋಪಿನ ನೀರು ನೇರವಾಗಿ ಹರಿಯದಂತೆ ನೋಡಿಕೊಂಡು ನೆಡಿ. ತಿಂಗಳೆರಡಕ್ಕೊಮ್ಮೆ ತುದಿ ಚಿವುಟದಿದ್ದರೆ ಕಾಲುದ್ದವಾಗಿ ಸೊಟ್ಟಗಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಚಿವುಟಿದ ತುದಿಗಳನ್ನೇ ನೆಟ್ಟು ಹೊಸದು ಮಾಡಿಕೊಳ್ಳಬೇಕು.

ಕಾಸರಗೋಡು ಕಡೆಯಿಂದ ಬಂದವರು ಮುರಿಕೂಟಿಯನ್ನು ಮರೆತೆಯಲ್ಲ ಎನ್ನಬಹುದು. ಮಲೆಯಾಳದಲ್ಲಿ ಗಾಯ ಕೂಡಿಸುವುದು ಎಂಬ ಅರ್ಥದ ಹೆಸರು. ಲೋಹದ ಹೊಳಪಿನ ಬೂದು-ಹಸಿರು ಎಲೆ, ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಕರಾವಳಿಯಲ್ಲಿ ಅದಕ್ಕೆ ಸಾಟಿಯಿಲ್ಲ, ಮುಂಬಯಿಯಲ್ಲೂ ಚೆನ್ನಾಗಿ ಬರುತ್ತದೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಶಿರೂರಿಗೆ ಅದನ್ನು ಶಿಫಾರಸು ಮಾಡಲಾರೆ, ಬೇಸಿಗೆಯಲ್ಲಿ ದಿನಾ ನೀರು ಕೇಳುತ್ತದೆ.

ಇನ್ನು ನೆಡುವ ಕೆಲಸ. ಶಿರೂರಿನ ತಾಯಿಯ ಹುಲ್ಲು ಸತ್ತದ್ದು ನೆರಳಿಗೆ ಎಂದು ಅವರು ತಿಳಿದಿದ್ದಾರೆ. ಅರ್ಧ ನಿಜ. ಇನ್ನರ್ಧ ಬಾಯಾರಿಕೆ. ಮೊದಲೇ ಕಡಿಮೆ ಮಳೆಯ ಊರು. ಸಣ್ಣ ಮಳೆಯಾದರೆ ಮಾವಿನ ಎಲೆಗಳೇ ತಡೆದುಕೊಂಡುಬಿಡುತ್ತವೆ, ಕೆಳಗೆ ಬಿದ್ದದ್ದನ್ನು ಮರದ ಮೇಲ್ಬೇರುಗಳು ಕುಡಿದುಬಿಡುತ್ತವೆ. ನೆರಳನ್ನು ಸಹಿಸುವ ಗಿಡಕ್ಕೂ ಬೇರೂರುವ ಮೊದಲ ಎರಡು ಮೂರು ತಿಂಗಳು ನೀರು ಬೇಕೇ ಬೇಕು. ಆ ತಿಂಗಳುಗಳು ಮಳೆಗಾಲದಲ್ಲಿ ಬಂದರೆ ಕೊಡದ ಭಾರ ಕಡಿಮೆ. ಜೀಬ್ರಿನಾ, ಅಲ್ಯುಮಿನಿಯಂ ಗಿಡಗಳ ತುಂಡು ನೆಡಲು ಮಳೆ ಹಿಡಿದ ಜೂನ್ ಕೊನೆಯೇ ಸರಿ. ನೆಲಸಂಪಿಗೆಯ ಗೆಡ್ಡೆಯನ್ನು ನಿದ್ದೆಯಲ್ಲಿರುವಾಗ, ಫೆಬ್ರವರಿ-ಮಾರ್ಚ್ ಸುಮಾರಿಗೆ, ಎರಡಂಗುಲ ಆಳದಲ್ಲಿ, ಒಂದೊಂದಡಿಗೆ ಒಂದರಂತೆ ಹೂಳಬೇಕು. ಈಗಲೇ ಬೇಕೆಂದರೆ ಕುಂಡದಲ್ಲಿ ಎಲೆ ಬಿಟ್ಟ ಗಿಡ ತಂದು, ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಬಹುದು.

ಗುದ್ದಲಿ ಮಾತ್ರ ಹಿಡಿಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮರದ ಕೆಳಗಿನ ನೆಲವನ್ನು ಹೊಲದಂತೆ ಅಗೆದರೆ ಮರ ಉಣ್ಣುವ ಬೇರುಗಳೇ ಕತ್ತರಿಸಿಹೋಗುತ್ತವೆ. ಕೈಯ ಕುರ್ಪಿಯಿಂದ ಬೇರುಗಳ ನಡುವಿನ ಸಂದುಗಳಲ್ಲಿ ಬೊಗಸೆಯಷ್ಟು ಮಣ್ಣು ತೆಗೆದು, ಹಳೆಯ ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ತುಂಬಿ ನೆಡಿ. ಅಂಗಡಿಯಲ್ಲಿ ಶೇಣಖತ, ಗಾಂಡೂಳ ಖತ ಎಂದು ಕೇಳಬೇಕು. ಲಾರಿಯಲ್ಲಿ ಮಣ್ಣು ತರಿಸಿ ಬುಡದ ಸುತ್ತ ಏರಿಸುವುದೂ ಬೇಡ, ಕಾಂಡದ ತೊಗಟೆ ಮಣ್ಣಿನೊಳಗೆ ಹೂತರೆ ಕೊಳೆಯುತ್ತದೆ. ಕಾಂಡದ ಸುತ್ತ ಒಂದೂವರೆ ಅಡಿ ಖಾಲಿ ಬಿಡಿ. ಕೊಯ್ಲು ಮುಗಿದ ಮೇಲೆ ತೀರ ಕೆಳಗೆ ಬಾಗಿದ ಒಂದೆರಡು ಕೊಂಬೆ ತೆಗೆಸಿದರೆ ಬೆಳಕು ಅಷ್ಟಿಷ್ಟು ಒಳಗೆ ಬರುತ್ತದೆ. ನಡುಮಧ್ಯಾಹ್ನ ಅಲ್ಲಿ ನಿಂತು ಕೈ ಚಾಚಿ ನೋಡಿ: ನೆಲದ ಮೇಲೆ ಕೈಯ ನೆರಳು ಮಸುಕಾಗಿಯಾದರೂ ಮೂಡಿದರೆ ಈ ಗಿಡಗಳಿಗೆ ಸಾಕಾಗುವಷ್ಟು ಬೆಳಕಿದೆ.

ಕೊಳವೆ ಬಾವಿಯ ನೀರಿನ ಬಗ್ಗೆ ಒಂದು ಮಾತು. ನೀರು ಗಡುಸಾಗಿದ್ದರೆ ಎಲೆಯ ಮೇಲೆ ಸಿಂಪಡಿಸಬೇಡಿ. ಒಣಗಿದಾಗ ಸುಣ್ಣದ ಬಿಳಿ ಕಲೆ ಉಳಿದು ಬೆಳ್ಳಿಯೆಲ್ಲ ಮುಚ್ಚಿಹೋಗುತ್ತದೆ. ಬುಡಕ್ಕೆ ಹೊಯ್ಯಿರಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಆಗುತ್ತದೆ. ಆರ್‌ಓ ಯಂತ್ರದಿಂದ ಹೊರಬೀಳುವ ನೀರು ಮಾತ್ರ ಬೇಡ, ಲವಣ ಸೇರಿಕೊಂಡು ಎಲೆಯ ಅಂಚು ಸುಡುತ್ತದೆ.

ಮಗರಾಯನ ಮಾತಿಗೂ ಉತ್ತರ ಹೇಳಬೇಕಲ್ಲ. ಅವನದು ಅನ್ಯಾಯದ ಬೇಡಿಕೆಯಲ್ಲ. ಕೆಸರಿನಲ್ಲಿ ಅಮ್ಮ ಜಾರಿ ಬಿದ್ದರೆ ಓಡಾಡಬೇಕಾದವನು ಅವನೇ. ಶಹಾಬಾದಿ ಫರಶಿಯೂ ನಮ್ಮದೇ, ಕಲಬುರಗಿ ಜಿಲ್ಲೆಯ ಕಲ್ಲು. ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಸಿಮೆಂಟಿನ ಮೇಲೆ. ಬೇರಿಗೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು. ಬುಡದವರೆಗೆ ಮುಚ್ಚಿದ ಮರ ಮರುದಿನವೇ ಸಾಯುವುದಿಲ್ಲ, ಅದೇ ಮೋಸ. ವರ್ಷಗಳ ಕಾಲ ತುದಿಯಿಂದ ಒಣಗುತ್ತ ಬರುತ್ತದೆ, ಅಷ್ಟರಲ್ಲಿ ಫರಶಿಯ ವಿಷಯ ಯಾರಿಗೂ ನೆನಪಿರುವುದಿಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯುವಂತೆ ಆದೇಶಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಹಾಗಾದರೆ ಹೀಗೆ ಮಾಡಬಹುದು. ಹಿಂಬಾಗಿಲಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ ಎರಡಡಿ ಅಗಲದ ದಾರಿಗೆ ಫರಶಿ ಹಾಕಿಸಿ, ಮರಳಿನ ಮೇಲೆ, ಸಿಮೆಂಟಿಲ್ಲದೆ, ಕಲ್ಲು ಕಲ್ಲಿನ ನಡುವೆ ಎರಡು ಬೆರಳು ಸಂದು ಬಿಟ್ಟು. ನೀರು ಇಳಿಯುತ್ತದೆ, ಕಾಲು ಕೆಸರಾಗುವುದಿಲ್ಲ. ದಾರಿಯ ಆಚೆ ಈಚೆ ಜೀಬ್ರಿನಾ, ಒಳಗಡೆ ಮರದತ್ತ ನೆಲಸಂಪಿಗೆ. ಕಲ್ಲಿನ ಮೇಲೆ ಹಬ್ಬಿ ಬಂದ ಜೀಬ್ರಿನಾವನ್ನು ತಿಂಗಳಿಗೊಮ್ಮೆ ಸವರಬೇಕು, ಇಲ್ಲದಿದ್ದರೆ ಅದೇ ಜಾರುತ್ತದೆ.

ಹಸಿರು ಹಬ್ಬಿದರೆ ಹಾವು ಚೇಳು ಬರುವುದಿಲ್ಲವೇ ಎಂದು ಮನೆಯ ಹಿರಿಯರು ಕೇಳುವುದು ಸಹಜ. ಬಾರದೇ ಇರುತ್ತವೆ ಎಂದು ನಾನು ಹೇಳಲಾರೆ. ಬಾಗಿಲಿನ ಮುಂದೆ ಮೂರಡಿ ಬಯಲು ಬಿಡಿ, ಗಿಡವನ್ನು ಗೇಣಿಗಿಂತ ಎತ್ತರ ಬೆಳೆಯಗೊಡಬೇಡಿ, ಒಡೆದ ಇಟ್ಟಿಗೆ ಕಲ್ಲುಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಬೇಡಿ. ಚೇಳಿಗೆ ಗಿಡಕ್ಕಿಂತ ಆ ಗುಡ್ಡೆಯೇ ಇಷ್ಟ. ರಾತ್ರಿ ಹಿತ್ತಲಿಗೆ ಹೋಗುವಾಗ ಚಪ್ಪಲಿ, ಟಾರ್ಚು ಇರಲಿ. ಮಳೆಗಾಲದಲ್ಲಿ ಬಸವನಹುಳು ಎಳೆ ಎಲೆ ತಿನ್ನಲು ಬರುತ್ತದೆ. ಅದೇ ಟಾರ್ಚಿನ ಬೆಳಕಿನಲ್ಲಿ ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿದರೆ ಔಷಧಿ ಹೊಡೆಯುವ ಅಗತ್ಯವಿಲ್ಲ. ಉಪ್ಪನ್ನು ಮಾತ್ರ ಮಣ್ಣಿನ ಮೇಲೆ ಚೆಲ್ಲಬೇಡಿ.

ಗೆಡ್ಡೆ ಎಲ್ಲಿ ಸಿಗುತ್ತದೆ? ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನದ ಸುತ್ತಮುತ್ತ ನರ್ಸರಿಗಳ ಸಾಲೇ ಇದೆ. ಪುಣೆಯ ಎಂಪ್ರೆಸ್ ಗಾರ್ಡನ್ನಿನಲ್ಲಿ ಜನವರಿಯ ಹೊತ್ತಿಗೆ ನಡೆಯುವ ಪುಷ್ಪಪ್ರದರ್ಶನಕ್ಕೆ ಹೋದರೆ ಅಲ್ಲಿಯೂ ವಿಚಾರಿಸಬಹುದು. ಗೆಡ್ಡೆ ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿರಬೇಕು, ಮೊಳಕೆಯ ಕಣ್ಣು ಕಾಣಬೇಕು. ಹತ್ತು ಗೆಡ್ಡೆ ತಂದರೆ ಸಾಕು. ಮೂರು ವರ್ಷ ಕಳೆದ ಮೇಲೆ ಬೇಸಿಗೆಯ ಆರಂಭದಲ್ಲಿ ಬುಡ ಬಿಡಿಸಿ ನೆಟ್ಟರೆ ಮರದ ಕೆಳಗಿನ ನೆಲಕ್ಕೆಲ್ಲ ಆಗಿ, ಓಣಿಯವರಿಗೆ ಹಂಚಲೂ ಉಳಿಯುತ್ತದೆ.